ಪದಚರ್ಚೆ: ದಂಟಿನ ಎಲೆಯ 'ಕ್ರಾಂಜ್'ಗೆ ಕನ್ನಡ ಪದ ಬೇಕು (ನಾಳೆಯೊಳಗೆ)

ಎಲ್ಲರಿಗೂ ನಮಸ್ಕಾರ. ಶಾಲೆಯ ಕೈತೋಟದಲ್ಲಿ ಕೆಂಪು ದಂಟಿನ ಪಾತಿಗೆ ಫಲಕ ಬರೆಸುತ್ತಿದ್ದೇನೆ. ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ.

'ಪತ್ರಹರಿತ್ತು' ಅಂತ ಬರೆದುಕೊಂಡಿದ್ದೆ. "ಎಲೆ ಕೆಂಪಗಿದೆ, ಹರಿತ್ತು ಎಲ್ಲಿದೆ ಮಿಸ್?" ಅಂತ ಮಕ್ಕಳು ಕೇಳಿದರು. ಸೊಪ್ಪು ಬೇಯಿಸಿ ತೋರಿಸಿದೆ. ಕೆಂಪೆಲ್ಲ ನೀರಿಗೆ ಬಿಟ್ಟುಕೊಂಡಿತು, ಎಲೆ ಮಂಕು ಹಸಿರಾಗಿ ಉಳಿಯಿತು. ಆ ಕೆಂಪು ಬೀಟಾಲೈನ್, ಬೀಟ್‌ರೂಟಿನ ಬಣ್ಣದ ಬಳಗ. ಬೆಳಕು ಹಿಡಿದು ಸಕ್ಕರೆ ಮಾಡಿಸುವುದು ಅದಲ್ಲ, ಅಡಿಯಲ್ಲಿ ಅಡಗಿರುವ ಹಸಿರು. ಹರಿತ್ತಿಗಿಂತ ಸುಲಭದ ಪದ ಇದೆಯಾ?

ಇನ್ನೊಂದು ಪದ, ಕ್ರಾಂಜ್. ದಂಟಿನ ಎಲೆಯಲ್ಲಿ ಪ್ರತಿ ನರದ ಸುತ್ತ ದಪ್ಪ ಕೋಶಗಳು ಬಳೆಯ ಹಾಗೆ ಕೂತಿರುತ್ತವೆ. ಹೊರಗಿನ ಕೋಶಗಳು ಇಂಗಾಲದ ಡೈಆಕ್ಸೈಡ್ ಹಿಡಿದು ಒಳಗೆ ಸಾಗಿಸುತ್ತವೆ, ಸಕ್ಕರೆಯಾಗುವುದು ಬಳೆಯ ಕೋಶಗಳಲ್ಲಿ. ಬಿಸಿಲು ಜಾಸ್ತಿಯಾದರೂ ದಂಟು ಸೊಂಪಾಗಿರುವುದಕ್ಕೆ ಇದು ದೊಡ್ಡ ಕಾರಣ. ಪದ ಕೊಡಿ.

---

ಎಲೆಹಸಿರು. ಮುಗೀತು. 1817ರಲ್ಲಿ ಇದನ್ನು ಬೇರ್ಪಡಿಸಿದ ಫ್ರೆಂಚ್ ವಿಜ್ಞಾನಿಗಳು ಪೆಲ್ಟಿಯೇ, ಕಾವಂತು ಇಟ್ಟ ಕ್ಲೋರೋಫಿಲ್ ಅನ್ನುವ ಹೆಸರಲ್ಲಿ ಇರುವುದೂ ಗ್ರೀಕಿನ ಹಸಿರು ಮತ್ತು ಎಲೆ, ಅಷ್ಟೇ. ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಕನ್ನಡ ಪದ ಅನ್ನೋದ್ಯಾಕೆ? ಹಸಿರು ಹಳಗನ್ನಡದ ಪಸುರ್. ಹಸಿ, ಪಚ್ಚೆ ಎಲ್ಲ ಅದೇ ಬೇರಿನವು.

ಕ್ರಾಂಜ್ ಜರ್ಮನ್ ಮಾತು, ಹೂದಂಡೆ ಎಂದರ್ಥ. ನಮ್ಮಲ್ಲಿ ಸಿಂಬೆ ಇದೆ. ನೀರಿನ ಕೊಡದ ಕೆಳಗೆ ತಲೆಯ ಮೇಲಿಡುವ ಬಟ್ಟೆಯ ಸುತ್ತು. ನಡುವೆ ತೂತು, ಸುತ್ತ ದಪ್ಪ. 'ಸಿಂಬೆಕಟ್ಟು' ಅಂತ ಬರೆಸಿ.

---

ಸಿಂಬೆ ಇವತ್ತು ಯಾವ ಮಗು ನೋಡಿದೆ? ಪಿಯುಸಿಗೆ ಹೋದರೆ ಓದೋದು ಕ್ರಾಂಜ್ ಅಂತಲೇ. ಸುಮ್ನೆ ಪದ ಹುಟ್ಟಿಸಬೇಡಿ. ಬಸ್ಸು, ಟಿಕೆಟ್ಟು ಅರಗಿಸಿಕೊಂಡ ಕನ್ನಡಕ್ಕೆ ಇದೊಂದು ಭಾರವಾ?

---

> ಬಸ್ಸು, ಟಿಕೆಟ್ಟು

ಬಸ್ಸು ದಿನಾ ಮನೆ ಮುಂದೆ ನಿಲ್ಲುತ್ತೆ. ಈ ಕೋಶಗಳು ಹಾಗೆ ಕಾಣಲ್ಲ. ಕ್ರಾಂಜ್ ಅಂದರೆ ಜರ್ಮನ್ ಮಗುವಿಗೆ ದುಂಡಗಿನ ದಂಡೆ ಕಣ್ಮುಂದೆ ಬರುತ್ತೆ, ನಮ್ಮ ಮಗುವಿಗೆ ಬರೀ ಸದ್ದು. ಎರವಲು ಬೇಡ ಅಂತ ನಾನು ಹೇಳಿಲ್ಲ. ಬೀಟಾಲೈನ್ ಇರಲಿ ಬಿಡಿ. ಚಿತ್ರ ಇರುವ ಕಡೆ ಚಿತ್ರ ಕಳೆಯಬೇಡಿ, ಅಲ್ವಾ?

---

ಇವತ್ತು ಬರೆಸಾಯಿತು. 'ಎಲೆಹಸಿರು' ಹಾಕಿಸಿದೆ. 'ದ್ಯುತಿಸಂಶ್ಲೇಷಣೆ' ಹಾಗೇ ಬಿಟ್ಟೆ, ಏಳನೇ ಕ್ಲಾಸಿನವರಿಗೆ ಅದು ಬಾಯಿಪಾಠ.

ಸಿಂಬೆ ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ, ಅದು ನಿಜ. ಬಿಸಿಯೂಟದ ಅಡುಗೆಯಮ್ಮ ಒರೆಸುವ ಬಟ್ಟೆಯನ್ನೇ ಸುತ್ತಿ ತಲೆ ಮೇಲಿಟ್ಟು, ಅದರ ಮೇಲೆ ತುಂಬಿದ ಕೊಡ ಇಟ್ಟು, ಕೈಬಿಟ್ಟು ನಡೆದರು. ಆಮೇಲೆ ಎಲೆಯ ಸೀಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಹುಡುಗಿಯೊಬ್ಬಳು "ಮಿಸ್, ಸಿಂಬೆ ಸಾಲಾಗಿ ಕೂತಿವೆ" ಅಂದಳು. ದೊಡ್ಡದಾಗಿ 'ಸಿಂಬೆಕಟ್ಟು', ಕೆಳಗೆ ಚಿಕ್ಕದಾಗಿ 'ಕ್ರಾಂಜ್' ಬರೆಸಿದೆ.

ಬೀಟಾಲೈನ್‌ಗೆ 'ಎಲೆಗೆಂಪು' ಅನ್ನೋಣ ಅಂದುಕೊಂಡೆ. ಆದರೆ ಅದರ ಕಾಂಡವೂ ಕೆಂಪೇ ಇದೆ. ಆ ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ, ಪೇಂಟರ್ ಶನಿವಾರ ಮತ್ತೆ ಬರ್ತಾರೆ.