ಅಪ್‌ಡೇಟ್: ಬಾಕಿ ದುಡ್ಡು ಬಂತು

ಹೋದ ತಿಂಗಳು ಕೇಳಿದ್ದೆ: ಬಸವನಗುಡೀಲಿ ನಮ್ದು ನಾಲ್ಕು ಜನರ ವೆಬ್ ಡಿಸೈನ್ ಆಫೀಸು, ಸೈಟ್ ಮುಗಿಸಿಕೊಟ್ಟು ಐದು ತಿಂಗಳಾದ್ರೂ ಕ್ಲೈಂಟ್ ಬಿಲ್ ಕೊಡ್ತಿಲ್ಲ, ಏನ್ ಮಾಡ್ಲಿ ಅಂತ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡೋ ನೋಂದಣಿ) ಇದ್ಯಾ ಅಂತ ಅಕ್ಕ ಒಬ್ರು ಕೇಳಿದ್ರಲ್ಲ, ಅದೇ ಕೈ ಹಿಡೀತು. ನೋಂದಣಿ ಮೊದಲೇ ಇತ್ತು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಹೆಚ್ಚಂದ್ರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದ್ರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ ಪತ್ರ ಬರೆದೆ. ಹನ್ನೊಂದನೇ ದಿನ ಪೂರ್ತಿ ಬಂತು, ನಾನು ಆಗ್ಲೇ ಕೈಯಿಂದ ಕಟ್ಟಿದ್ದ 18% ಜಿಎಸ್‌ಟಿ ಸಮೇತ.

ಈಗ ಅರ್ಧ ಮುಂಗಡ ಬರದೆ ಕೆಲಸ ಶುರು ಮಾಡಲ್ಲ. ಐದನೆಯವಳಾಗಿ ಹೊಸ ಹುಡುಗಿ ಸೇರಿದಾಳೆ. ಮೊದಲ ದಿನವೇ ಮೊಬೈಲ್ ಮೆನುವಿನಲ್ಲಿ ‘ಸಂಸ್ಥೆ’ಯ ಒತ್ತು ಅರ್ಧ ಕತ್ತರಿಸಿ ಹೋಗಿದ್ದನ್ನ ಹಿಡಿದು, ಸಾಲಿನ ಎತ್ತರ ಹೆಚ್ಚಿಸಿ ಸರಿಮಾಡಿದ್ಳು. ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ!