ತೋಟದಲ್ಲಿ ಸಿಕ್ಕ ಉಡದ ಮರಿ ಸಾಕಬಹುದಾ?

ತುಂಗಾತೀರದ ತೋಟ:
ನಮ್ಮದು ತೀರ್ಥಹಳ್ಳಿ ಕಡೆ. ಮಳೆಗೆ ಮುಂಚೆ ಕಾದಿಗೆಯ (ತೋಟದ ಬಸಿಗಾಲುವೆಯ) ಹೂಳು ತೆಗೆಸುವಾಗ ಗೇಣುದ್ದದ ಉಡದ ಮರಿ ಸಿಕ್ಕಿತು, ಮೈತುಂಬ ಹಳದಿ ಚುಕ್ಕೆ. ಸದ್ಯ ಬುಟ್ಟಿ ಮುಚ್ಚಿಟ್ಟಿದ್ದೇನೆ. ಮಗಳು ಸಾಕೋಣ ಅಂತ ಹಟ ಹಿಡಿದಿದ್ದಾಳೆ. ಎಷ್ಟು ದೊಡ್ಡ ಗೂಡು ಬೇಕು? ಕಚ್ಚಿದರೆ ವಿಷವಾ?

ಸೊಪ್ಪಿನಬೆಟ್ಟ, ಸಾಗರ:
ದಯವಿಟ್ಟು ಇವತ್ತೇ, ಬಿಸಿಲಿರುವಾಗಲೇ, ಸಿಕ್ಕಿದ ಜಾಗದಲ್ಲೇ ಬಿಡಿ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿ, ಆನೆಯ ಜೊತೆಗೇ ಉಡವೂ ಇದೆ. ಇಟ್ಟುಕೊಂಡು ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು, ಮೇಲೆ ದಂಡ.

ಕಾನೂನು ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಬಿಸಿಲು ಕಾದು ಮೈ ಸುಮಾರು 35 ಡಿಗ್ರಿಗೆ ಬಂದರೇನೇ ಉಡಕ್ಕೆ ಓಡಾಟ, ತಿಂದದ್ದು ಅರಗುವುದು. ನಮ್ಮ ಆಷಾಢದ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಬೀಳೋದಿಲ್ಲವಲ್ಲ? ಹೊರಗಿದ್ದರೆ ಅದು ಹುತ್ತವೋ ಮರದ ಪೊಟರೆಯೋ ಸೇರಿ ಸುಮ್ಮನಿರುತ್ತದೆ. ಪೆಟ್ಟಿಗೆಯಲ್ಲಿಟ್ಟು ಪ್ರೀತಿಯಿಂದ ಮೊಟ್ಟೆ ತಿನ್ನಿಸಿದರೆ, ತಣ್ಣಗಿನ ಹೊಟ್ಟೆಯಲ್ಲಿ ಅದು ಕೊಳೆಯುತ್ತದೆ. ಬಿಸಿಲಿಲ್ಲದೆ ಬೆಳೆದರೆ ಮೂಳೆಯೂ ಮೆತ್ತಗಾಗುತ್ತದೆ. ದೊಡ್ಡದಾದ ಮೇಲೆ ಬಾಲ ಸೇರಿ ಒಂದೂವರೆ ಮೀಟರ್ ದಾಟಬಹುದು, ಅದಕ್ಕೆ ಗೂಡು ಅಂದರೆ ಒಂದು ಕೋಣೆಯೇ ಬೇಕು.

ವಿಷದ ಹೆದರಿಕೆ ಬೇಡ. ಬಾಯಲ್ಲಿ ವಿಷಗ್ರಂಥಿ ಇದೆ ಅಂತ ವಿಜ್ಞಾನಿಗಳು ತೋರಿಸಿದ್ದಾರೆ, ಆದರೆ ನಾಗರಹಾವಿನ ವಿಷದಂಥದ್ದಲ್ಲ. ಹಲ್ಲಿನ ಗಾಯ ಆಳವಾಗುತ್ತದೆ, ಸೋಂಕು ತಗುಲಬಹುದು. ಕಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ.

ಕುವೆಂಪುನಗರ ಶಿವಮೊಗ್ಗ:
ಆಫ್ರಿಕಾದ ಸವಾನಾ ಉಡ ತರಿಸಿಕೊಳ್ಳಬಹುದಂತೆ? ಬೆಂಗಳೂರಿನ ಸ್ನೇಹಿತ ಹೇಳಿದ.

ಸೊಪ್ಪಿನಬೆಟ್ಟ, ಸಾಗರ:
ಹೊರದೇಶದ ಪ್ರಾಣಿಗೆ ಕಾಗದಪತ್ರ ಬೇಕು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಬೇಕು. ಅದನ್ನು ತೋರಿಸದ ವ್ಯಾಪಾರಿಯ ಹತ್ತಿರ ಹೋಗಲೇಬೇಡಿ. ಕಾಗದ ಸರಿಯಿದ್ದರೂ ನೋಡಿ: ಮೈ ಕಾಯಿಸುವ ಕಲ್ಲು 50 ಡಿಗ್ರಿ ಮೀರಿ ಬಿಸಿಯಿರಬೇಕು, ತೋಡಲು ಎರಡಡಿಯಾದರೂ ಮಣ್ಣು ಬೇಕು. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋಯಿತು ಅಂದುಕೊಳ್ಳಿ, ಬಿಸಿ ಕೊಡುವ ದೀಪ ಯಾವುದರಲ್ಲಿ ಉರಿಸುತ್ತೀರಿ? ಬರೀ ಇಲಿ ಹಾಕಿ ಸಾಕಿದವರ ಉಡಗಳು ಬೊಜ್ಜು ಬಂದು ಬೇಗ ಸಾಯುತ್ತವೆ. ನನ್ನ ಮಾತು ಕೇಳುವುದಾದರೆ, ಬೇಡ.

ತುಂಗಾತೀರದ ತೋಟ:
ಬಿಟ್ಟೆವು, ಮಗಳೇ ಬುಟ್ಟಿ ತೆರೆದಳು. ಇನ್ನು ಅದು ಕೋಳಿಗೂಡಿಗೆ ಬಂದರೆ?

ಸೊಪ್ಪಿನಬೆಟ್ಟ, ಸಾಗರ:
ಬಹಳ ಸಂತೋಷ! ದೊಡ್ಡದಾದ ಮೇಲೆ ಬಂದರೂ ಬರಬಹುದು, ಮೊಟ್ಟೆ, ಮರಿ ಬಿಡೋದಿಲ್ಲ. ಗೂಡಿನ ಸುತ್ತ ಸಣ್ಣ ಕಣ್ಣಿನ ತಂತಿಜಾಲರಿಯನ್ನು ಒಂದಡಿ ಮಣ್ಣೊಳಗೆ ಹೋಗುವ ಹಾಗೆ ಹೂಳಿ, ಏಕೆಂದರೆ ಅದು ತೋಡುತ್ತದೆ. ಮೊಟ್ಟೆ ಇಟ್ಟ ಹಾಗೇ ತೆಗೆದಿಡಿ. ಉಳಿದಂತೆ ದುಂಬಿ, ಬಸವನಹುಳು, ಏಡಿ, ಇಲಿಮರಿ ತಿಂದುಕೊಂಡು ತೋಟದಲ್ಲೇ ಇರುತ್ತದೆ. ಬೇಲಿ ಪಕ್ಕದ ಹುತ್ತ ಕೆಡವಬೇಡಿ, ಮೊಟ್ಟೆಯಿಡಲು ಅದು ಹುತ್ತವನ್ನೂ ಬಳಸುತ್ತದೆ. ಉಡದ ಎಣ್ಣೆಗೆ ಬೆನ್ನುನೋವು ಹೋಗುತ್ತದೆ ಅಂತ ಕೇಳಿಕೊಂಡು ಬರುವವರಿಗೆ ಅದಿರುವ ಜಾಗ ಮಾತ್ರ ತೋರಿಸಬೇಡಿ.