ವರ್ಣತಂತುಗಳು 46 ಇದ್ದರೂ ಮೋಲಾರ್ ಗರ್ಭ ಆಗುವುದೇಕೆ?

ಪ್ರಶ್ನೆ:
ನನ್ನ ತಂಗಿಗೆ ಮೂರನೇ ತಿಂಗಳಲ್ಲಿ ರಕ್ತಸ್ರಾವವಾಯಿತು. ಸ್ಕ್ಯಾನಿಂಗ್‌ನಲ್ಲಿ ಮಗು ಕಾಣಲಿಲ್ಲ. ದ್ರಾಕ್ಷಿ ಗೊಂಚಲಿನಂತಹ ನೀರ್ಗುಳ್ಳೆಗಳಷ್ಟೇ ಇದ್ದವು. ಗರ್ಭಕೋಶವನ್ನು ಶುಚಿಗೊಳಿಸಿದ ಬಳಿಕ ಬಂದ ವರದಿಯಲ್ಲಿ ‘ಪೂರ್ಣ ಮೋಲ್, 46 ಎಕ್ಸ್‌ಎಕ್ಸ್, ಪಿ57 ನೆಗೆಟಿವ್’ ಎಂದಿದೆ. ಭ್ರೂಣವಿಲ್ಲದೆ ಮಾಸಿನ ಅಂಗಾಂಶವಷ್ಟೇ ಹೀಗೆ ನೀರ್ಗುಳ್ಳೆಗಳಾಗಿ ಬೆಳೆಯುವ ಮೋಲಾರ್ ಗರ್ಭವನ್ನು ಪೂರ್ಣ ಮೋಲ್ ಎನ್ನುತ್ತಾರಂತೆ. ಸಂಖ್ಯೆ ಸರಿಯಾಗಿಯೇ ಇರುವಾಗ ಭ್ರೂಣ ಏಕೆ ಬೆಳೆಯಲಿಲ್ಲ? ಗ್ರಹಣದ ದಿನ ಹೊರಗೆ ಹೋದದ್ದೇ ಕಾರಣವೆಂದು ಮನೆಯ ಹಿರಿಯರು ಹೇಳುತ್ತಿರುವುದರಿಂದ ಅವಳು ತೀರ ಕುಗ್ಗಿದ್ದಾಳೆ.

ಉತ್ತರ 1:
ಲೆಕ್ಕ ಸರಿಯಿದೆ, ಆದರೆ ಆ 46ಕ್ಕೆ 46 ತಂದೆಯ ಕಡೆಯಿಂದಲೇ ಬಂದವು. ತಾಯಿಯಿಂದ 23, ತಂದೆಯಿಂದ 23 ಸೇರಬೇಕಾದಲ್ಲಿ ಅಂಡಾಣುವಿನ ವರ್ಣತಂತುಗಳು ಇಲ್ಲವಾಗಿ, ಒಳಹೊಕ್ಕ ಒಂದೇ ವೀರ್ಯಾಣು ತನ್ನ 23ನ್ನು ಇಮ್ಮಡಿಗೊಳಿಸಿಕೊಳ್ಳುವುದು ಪೂರ್ಣ ಮೋಲ್‌ನ ಸಾಮಾನ್ಯ ಬಗೆ. ಕೆಲವೊಮ್ಮೆ ಎರಡು ವೀರ್ಯಾಣುಗಳು ಹೊಕ್ಕಿರುತ್ತವೆ. ವೈ ಇರುವ ವೀರ್ಯಾಣು ಇಮ್ಮಡಿಯಾದರೆ ಎಕ್ಸ್ ಇಲ್ಲದ ಆ ಕೋಶ ಉಳಿಯುವುದಿಲ್ಲ, ಹಾಗಾಗಿ ವರದಿಗಳಲ್ಲಿ ಹೆಚ್ಚಾಗಿ ಎಕ್ಸ್‌ಎಕ್ಸ್ ಎಂದೇ ಇರುತ್ತದೆ. ಈ ತಂದೆಯ ಮೂಲವನ್ನು 1977ರಲ್ಲಿ ಕಜೀ ಮತ್ತು ಓಹಾಮಾ ತೋರಿಸಿಕೊಟ್ಟರು.

ಉತ್ತರ 2:
ಅದರ ಜೊತೆಗೆ ಪಿ57ರ ಅರ್ಥವನ್ನೂ ಹೇಳಬೇಕು. ಕೆಲವು ಜೀನ್‌ಗಳಲ್ಲಿ ತಾಯಿ ಕೊಟ್ಟ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಕೆಲವದರಲ್ಲಿ ತಂದೆ ಕೊಟ್ಟದ್ದು ಮಾತ್ರ. 11ನೇ ವರ್ಣತಂತುವಿನಲ್ಲಿರುವ ಪಿ57 ಜೀನ್ ಮೊದಲನೆಯ ಬಗೆಯದು. ತಾಯಿಯ ಪ್ರತಿಯೇ ಇಲ್ಲದಿದ್ದರೆ, ಪಿ57 ಪ್ರೋಟೀನನ್ನು ಗುರುತಿಸಲು ಪ್ರಯೋಗಾಲಯದಲ್ಲಿ ಹಾಕುವ ಬಣ್ಣ ಮಾಸಿನ ಕೋಶಗಳಲ್ಲಿ ಮೂಡುವುದಿಲ್ಲ; ವರದಿಯ ‘ನೆಗೆಟಿವ್’ ಎಂದರೆ ಇದೇ. 1984ರ ಇಲಿಗಳ ಪ್ರಯೋಗಗಳಲ್ಲಿ, ತಂದೆಯ ವರ್ಣತಂತುಗಳನ್ನಷ್ಟೇ ಪಡೆದ ಭ್ರೂಣಗಳಲ್ಲಿ ಮಾಸಿನ ಅಂಗಾಂಶ ಬೆಳೆದರೂ ಮರಿಯ ದೇಹ ಬೆಳೆಯಲಿಲ್ಲ. ಮೋಲ್‌ನ ಇನ್ನೊಂದು ಬಗೆಯಾದ ಭಾಗಶಃ ಮೋಲ್‌ನಲ್ಲಿಯಾದರೋ ಅಂಡಾಣುವಿನ 23ರ ಜೊತೆಗೆ ತಂದೆಯ ಎರಡು ಪಾಲು ಸೇರಿ 69 ಆಗುತ್ತದೆ. ಹೆಚ್ಚುವರಿ ಪಾಲು ತಾಯಿಯದಾಗಿದ್ದರೆ ಅದೇ 69 ಇದ್ದರೂ ಮೋಲ್ ಆಗುವುದಿಲ್ಲ. ಎಷ್ಟಿವೆ ಎಂಬುದಲ್ಲ, ಯಾರಿಂದ ಬಂದವು ಎಂಬುದು ಮುಖ್ಯ: ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿಯೇ ಇದೆ.

ಉತ್ತರ 3:
ನನಗೂ ಪೂರ್ಣ ಮೋಲ್ ಆಗಿತ್ತು. ನಿಮ್ಮ ತಂಗಿಗೆ ದಯವಿಟ್ಟು ಹೇಳಿ: ಇದು ಅಂಡಾಣು ಮತ್ತು ವೀರ್ಯಾಣು ಕೂಡಿದ ಹೊತ್ತಿನಲ್ಲೇ ಆಗಿಹೋದದ್ದು, ತಾನು ಗರ್ಭಿಣಿಯೆಂದು ಅವಳಿಗೆ ತಿಳಿಯುವುದಕ್ಕೂ ಮೊದಲು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮತ್ತೆ ಮೋಲ್ ಆಗುವ ಸಾಧ್ಯತೆ ನೂರಕ್ಕೆ ಒಂದೆರಡು ಮಾತ್ರ. ಪದೇ ಪದೇ ಆದರೆ ತಾಯಿಯ ಎನ್‌ಎಲ್‌ಆರ್‌ಪಿ7 ಜೀನ್ ಪರೀಕ್ಷಿಸಬೇಕು. ಆ ಜೀನ್ ಕೆಟ್ಟಿದ್ದಾಗ ಆಗುವ ಮೋಲ್‌ನಲ್ಲಿ ತಾಯಿ, ತಂದೆ ಇಬ್ಬರ ವರ್ಣತಂತುಗಳೂ ಇದ್ದು, ಇದು ತಾಯಿಯ ಪ್ರತಿ ಎಂದು ಅಂಡಾಣುವಿನಲ್ಲಿ ಬೀಳಬೇಕಾದ ಗುರುತು ಬಿದ್ದಿರುವುದಿಲ್ಲ. ಈಗ ಅವಳು ಗರ್ಭದ ಹಾರ್ಮೋನನ್ನು ಅಳೆಯುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯನ್ನು ಒಂದು ಸಲವೂ ತಪ್ಪಿಸದಿರಲಿ, ವೈದ್ಯರು ಒಪ್ಪುವವರೆಗೆ ಮುಂದಿನ ಗರ್ಭಕ್ಕೆ ಕಾಯಲಿ. ನಾನು ಪ್ರತಿ ವಾರದ ಅಂಕಿಯನ್ನು ಕ್ಯಾಲೆಂಡರಿನಲ್ಲೇ ಬರೆದಿಡುತ್ತಿದ್ದೆ.